ಮುಗುಡು ಮೀನಿನ ಹೊಟ್ಟೆಯಲ್ಲಿ 59 ಹೆಸರು

ಮುಗುಡು ಮೀನಿನ ಕರುಳಿನಲ್ಲಿ ಒಂದು ಬಗೆಯ ಲಾಡಿಹುಳು ಇರುತ್ತದೆ. ಶಾಲೆಯ ಪುಸ್ತಕದ ಚಿತ್ರದಲ್ಲಿ ನೋಡಿದ ಲಾಡಿಹುಳುವಿಗೆ ನೂರಾರು ತುಂಡುಗಳು ಇರುತ್ತವೆ ಅಲ್ವಾ, ಇದಕ್ಕೆ ಹಾಗೆ ಇಲ್ಲ. ಇಡೀ ಮೈ ಒಂದೇ ತುಂಡು. ಬಿಳಿ ಬಣ್ಣ. ಅಂಡಾಶಯ, ವೃಷಣ ಎಲ್ಲ ಸೇರಿ ಒಂದೇ ಸೆಟ್. ಕ್ಯಾರಿಯೋಫಿಲಿಡಿಯ ಅಂತ ಗುಂಪಿನ ಹೆಸರು. ಕೆಸರಿನಲ್ಲಿ ಬದುಕುವ ಸಣ್ಣ ಎರೆಹುಳದಂಥ ಹುಳಗಳೊಳಗೆ ಇದರ ಮರಿ ಬೆಳೆಯುತ್ತದೆ, ಆ ಹುಳವನ್ನು ತಿಂದ ಮೀನಿನ ಹೊಟ್ಟೆಯಲ್ಲಿ ಅದು ದೊಡ್ಡದಾಗುತ್ತದೆ.

ಈ ಗುಂಪಿನಲ್ಲಿ ಒಂದೇ ಒಂದು ಮೀನಿನಿಂದ, ಅಂದರೆ ಕ್ಲೇರಿಯಸ್ ಬ್ಯಾಟ್ರಾಕಸ್ ಎಂದು ಎಲ್ಲರೂ ಬರೆದುಕೊಂಡು ಬಂದ ಮುಗುಡು ಮೀನಿನಿಂದ, ಭಾರತ ಮತ್ತು ಅದರ ಪೂರ್ವದ ದೇಶಗಳಲ್ಲಿ 15 ಕುಲಗಳಿಗೆ ಸೇರಿದ 59 ಪ್ರಭೇದಗಳಿಗೆ ಹೆಸರಿಟ್ಟಿದ್ದರು. 2011ರಲ್ಲಿ ಅನಿರ್ಬನ್ ಆಶ್, ತೋಮಾಶ್ ಶೋಲ್ಟ್ಸ್, ಮಿಕುಲಾಶ್ ಓರೋಶ್ ಮತ್ತು ಪ್ರದೀಪ್ ಕುಮಾರ್ ಕರ್ ಸೇರಿ ಎಲ್ಲವನ್ನೂ ಮೊದಲಿನಿಂದ ನೋಡಿದರು. ಹೊಸದಾಗಿ ಮೀನು ಹಿಡಿಸಿದರು, ಸಿಕ್ಕಿದಷ್ಟು ಹಳೆಯ ಸ್ಲೈಡುಗಳನ್ನು ತರಿಸಿ ನೋಡಿದರು. ಕೊನೆಗೆ ಉಳಿದದ್ದು 8 ಪ್ರಭೇದ.

59ರಲ್ಲಿ 8.

ನಾನು ಕಾಸರಗೋಡಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವನು, ಬಿಡುವು ಸಿಕ್ಕಾಗಲೆಲ್ಲ ಸಿಹಿನೀರಿನ ಮೀನುಗಳ ಚಪ್ಪಟೆ ಹುಳಗಳನ್ನು ನೋಡುವವನು. ಪ್ರತಿ ವರ್ಷ ಯಾರಾದರೂ ಒಬ್ಬ ವಿದ್ಯಾರ್ಥಿ ಬಂದು, "ಸರ್, ನಮ್ಮ ಹೊಳೆಯಲ್ಲಿ ಹೊಸ ಪ್ರಭೇದ ಸಿಗಬಹುದಾ?" ಅಂತ ಕೇಳಿಯೇ ಕೇಳುತ್ತಾರೆ. ಸಿಗಬಹುದು. ಖಂಡಿತ ಸಿಗಬಹುದು. ಈ ಒಂದು ಜಿಲ್ಲೆಯಲ್ಲೇ 12 ಹೊಳೆ ಉಂಟು, ಸಾಲದ್ದಕ್ಕೆ ತೋಡು, ಪಳ್ಳ, ತೋಟದ ಕೆರೆ, ಸುರಂಗದ ನೀರು ಬೀಳುವ ಹೊಂಡ. ಆದರೆ ಆ ಪ್ರಶ್ನೆ ಬಂದಾಗ ನಾನು ಮೊದಲು ಈ 59ರ ಕಥೆ ಹೇಳುತ್ತೇನೆ. ಅದಕ್ಕೆ ಕಾರಣ ಏನು ಅಂತ ಇವತ್ತು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಯಾವ ಹುಳಗಳ ಬಗ್ಗೆ ಮಾತಾಡುತ್ತಿದ್ದೇನೆ ಅಂತ ಬೇಗ ಹೇಳಿಬಿಡುತ್ತೇನೆ. ಮೀನಿನ ಮೇಲೆ ಅಥವಾ ಒಳಗೆ ಬದುಕುವ ಚಪ್ಪಟೆ ಹುಳಗಳಲ್ಲಿ ಮೂರು ದೊಡ್ಡ ಗುಂಪು. ಕಿವಿರು ಮತ್ತು ಚರ್ಮದ ಮೇಲೆ ಇರುವ ಮೊನೊಜೀನಿಯ, ಇವಕ್ಕೆ ಒಂದೇ ಮೀನು ಸಾಕು, ಇನ್ನೊಂದು ಪ್ರಾಣಿ ಬೇಡ. ಎರಡನೆಯದು ಡೈಜೀನಿಯ. ಇವಕ್ಕೆ ಬದುಕಿನ ಮೊದಲ ಭಾಗದಲ್ಲಿ ಬಸವನಹುಳು ಬೇಕೇ ಬೇಕು ಅನ್ನಬಹುದು. ಮೂರನೆಯದು ಲಾಡಿಹುಳು, ಅಂದರೆ ಸೆಸ್ಟೋಡ್. ಮೂರಕ್ಕೂ ಒಂದು ಸಮಾನ ಗುಣ ಉಂಟು. ಮರಿಯಾಗಿದ್ದಾಗ ಇರುವ ರೋಮದ ಹೊರಚರ್ಮವನ್ನು ಕಳಚಿ, ಜೀವಕೋಶಗಳ ನಡುವೆ ಗೋಡೆಯೇ ಇಲ್ಲದ ಹೊಸ ಚರ್ಮ ಹೊದ್ದುಕೊಳ್ಳುತ್ತವೆ. ಅದಕ್ಕೇ 1985ರಲ್ಲಿ ಏಲರ್ಸ್ ಎಂಬವರು ಇವೆಲ್ಲಕ್ಕೂ ಸೇರಿ ನಿಯೋಡರ್ಮಾಟ ಅಂತ ಹೆಸರು ಕೊಟ್ಟರು. ಮೊನೊಜೀನಿಯ ಎಂಬುದು ನಿಜವಾಗಿ ಒಂದೇ ಗುಂಪೋ, ಎರಡು ಬೇರೆ ಗುಂಪುಗಳನ್ನು ಸುಮ್ನೆ ಒಟ್ಟಿಗೆ ಇಟ್ಟಿದ್ದೇವೋ ಎಂಬ ಚರ್ಚೆ ಡಿಎನ್‌ಎ ಕೆಲಸ ಜಾಸ್ತಿಯಾದ ಮೇಲೆ ಜೋರಾಗಿದೆ. ಅದನ್ನು ಇಲ್ಲಿ ಎತ್ತುವುದಿಲ್ಲ, ಅದೇ ಒಂದು ಬೇರೆ ಬರಹ ಆದೀತು.

ಮೊನೊಜೀನಿಯ ನೋಡುವುದು ಹೇಗೆ ಅಂತ ಹೇಳುತ್ತೇನೆ, ಯಾಕೆಂದರೆ ಇಲ್ಲಿ ನಡೆಯುವ ಕೆಲಸವನ್ನು ಕಣ್ಣಾರೆ ನೋಡದೆ ವರ್ಗೀಕರಣದ ಕಷ್ಟ ಅರ್ಥವಾಗುವುದಿಲ್ಲ. ಜೀವಂತ ಪರಲ್ ಮೀನು ಬೇಕು. ಸತ್ತು ಒಂದೆರಡು ಗಂಟೆ ಆದರೆ ಹುಳಗಳು ಕಳಚಿ ಬೀಳುತ್ತವೆ, ಇಲ್ಲದಿದ್ದರೆ ಕರಗಿ ಹೋಗುತ್ತವೆ. ಕಿವಿರಿನ ಕಮಾನುಗಳನ್ನು ಒಂದೊಂದಾಗಿ ಕತ್ತರಿಸಿ, ಅದೇ ಹೊಳೆಯ ನೀರು ಹಾಕಿದ ಪೆಟ್ರಿ ತಟ್ಟೆಯಲ್ಲಿ ಇಡಬೇಕು. ಸಣ್ಣ ಸೂಕ್ಷ್ಮದರ್ಶಕದ ಕೆಳಗೆ ಕೆಂಪು ಎಳೆಗಳ ಸಾಲು ಕಾಣುತ್ತದೆ. ಮೊದಲಿಗೆ ಏನೂ ಇಲ್ಲ ಅನ್ನಿಸುತ್ತದೆ. ಸೂಜಿಯಿಂದ ಎಳೆಗಳನ್ನು ನಿಧಾನವಾಗಿ ಬಿಡಿಸುತ್ತಾ ಹೋದರೆ ಎರಡು ಎಳೆಗಳ ನಡುವೆ ಒಂದು ಅರೆಪಾರದರ್ಶಕ ಮೈ ಅಲುಗುತ್ತದೆ. ಉದ್ದ ಒಂದು ಮಿಲಿಮೀಟರಿಗಿಂತ ಕಮ್ಮಿ. ಹಿಂಭಾಗ ಗಟ್ಟಿಯಾಗಿ ಕಚ್ಚಿಕೊಂಡಿದೆ, ಮುಂಭಾಗ ಚಾಚಿ, ಎಡಕ್ಕೆ ಬಲಕ್ಕೆ ಹುಡುಕಿ, ಮತ್ತೆ ಕುಗ್ಗುತ್ತದೆ. ತಲೆಯ ಹತ್ತಿರ ನಾಲ್ಕು ಕಪ್ಪು ಚುಕ್ಕೆ. ಅವು ಕಣ್ಣುಗಳು. ನಾಲ್ಕು ಕಣ್ಣು ಕಂಡರೆ ಸಾಮಾನ್ಯವಾಗಿ ಡ್ಯಾಕ್ಟೈಲೋಗೈರಸ್ ಅಥವಾ ಅದರ ನೆಂಟರು.

ಇನ್ನು ಮುಂದಿನ ಕೆಲಸ ಕೊಕ್ಕೆಗಳದ್ದು. ಹುಳವನ್ನು ಒಂದು ಹನಿ ನೀರಿನಲ್ಲಿ ಸ್ಲೈಡಿನ ಮೇಲಿಟ್ಟು ಕವರ್‌ಸ್ಲಿಪ್ ಮುಚ್ಚುತ್ತೇವೆ. ಒಂದು ಬದಿಯಲ್ಲಿ ಒತ್ತುಕಾಗದ ಇಟ್ಟು ನೀರು ಹೀರಿಸುತ್ತಾ ಇನ್ನೊಂದು ಬದಿಯಿಂದ ಅಮೋನಿಯಮ್ ಪಿಕ್ರೇಟ್ ಮತ್ತು ಗ್ಲಿಸರಿನ್ ಮಿಶ್ರಣ ಬಿಡುತ್ತೇವೆ. ಮೈಯೆಲ್ಲ ತಿಳಿ ಹಳದಿಯಾಗಿ ಪಾರದರ್ಶಕವಾಗುತ್ತದೆ. ಹಿಂಭಾಗದ ಗಟ್ಟಿ ಭಾಗಗಳು ಮಾತ್ರ ಸ್ಪಷ್ಟವಾಗಿ ಎದ್ದು ನಿಲ್ಲುತ್ತವೆ. ಒಂದು ಜೊತೆ ದೊಡ್ಡ ಕೊಕ್ಕೆ, ಅವನ್ನು ಜೋಡಿಸುವ ಪಟ್ಟಿ, ಅಂಚಿನಲ್ಲಿ 14 ಪುಟ್ಟ ಕೊಕ್ಕೆ. ಮುಂದೆ ಗಂಡು ಜನನಾಂಗದ ಬಾಗಿದ ಕೊಳವೆ. ಪ್ರಭೇದ ಯಾವುದು ಅಂತ ತೀರ್ಮಾನ ಆಗುವುದು ಇವುಗಳ ಆಕಾರ ಮತ್ತು ಅಳತೆಯಲ್ಲಿ. ಕೊಕ್ಕೆಯ ಬೇರು ಎಷ್ಟು ಉದ್ದ, ತುದಿ ಎಷ್ಟು ಬಾಗಿದೆ, ಪಟ್ಟಿ ನೇರವೋ ಸೊಟ್ಟವೋ, ಎಲ್ಲವೂ ಮೈಕ್ರೋಮೀಟರ್ ಲೆಕ್ಕ. ಡ್ಯಾಕ್ಟೈಲೋಗೈರಸ್ ಒಂದೇ ಕುಲದಲ್ಲಿ 900ಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿದೆ, ಹಾಗಾಗಿ ಒಂದು ಕೊಕ್ಕೆ ಓರೆಯಾಗಿ ಬಿದ್ದ ಸ್ಲೈಡಿನಿಂದ ಅಳತೆ ತೆಗೆದರೆ ಏನಾಗುತ್ತದೆ ಅಂತ ಯೋಚಿಸಿ. ಓರೆಯಾದ ಕೊಕ್ಕೆ ಗಿಡ್ಡ ಕಾಣುತ್ತದೆ. ಗಿಡ್ಡ ಕೊಕ್ಕೆಯ ಹುಳ ಒಂದು "ಹೊಸ" ಪ್ರಭೇದ ಆಗಿಬಿಡುತ್ತದೆ.

ಭಾರತದ ಸಿಹಿನೀರಿನ ಮೊನೊಜೀನಿಯ ವಿಷಯದಲ್ಲಿ ನಾವೆಲ್ಲ ಇವತ್ತಿಗೂ ತಿರುಗಿ ನೋಡುವುದು ಲೆನಿನ್‌ಗ್ರಾಡಿನ ಎ. ವಿ. ಗುಸ್ಸೆವ್ ಮಾಡಿದ ಕೆಲಸವನ್ನು. 1970ರ ದಶಕದಲ್ಲಿ ಇಂಡಿಯನ್ ಜರ್ನಲ್ ಆಫ್ ಹೆಲ್ಮಿಂಥಾಲಜಿಯಲ್ಲಿ ಬಂದದ್ದು, 200ಕ್ಕೂ ಹೆಚ್ಚು ಪುಟ. ನನಗೆ ಅದರಲ್ಲಿ ತುಂಬ ಇಷ್ಟವಾಗುವುದು ಹೆಸರುಗಳ ಸಂಖ್ಯೆ ಅಲ್ಲ, ಕೊಕ್ಕೆಗಳ ಚಿತ್ರ. ಎಲ್ಲೆಲ್ಲಿಂದ ಎಲ್ಲಿಯವರೆಗೆ ಅಳೆಯಬೇಕು ಅಂತ ಒಂದು ಕ್ರಮ ಇಟ್ಟುಕೊಂಡು, ಎಲ್ಲ ಹುಳಗಳನ್ನೂ ಅದೇ ಕ್ರಮದಲ್ಲಿ ಬಿಡಿಸಿ ತೋರಿಸಿದ್ದಾರೆ. ಅದಕ್ಕೇ ಇವತ್ತು ನಾನು ಮುಳ್ಳೇರಿಯದ ತೋಡಿನ ಮೀನಿನಿಂದ ತೆಗೆದ ಹುಳವನ್ನು ಆ ಚಿತ್ರದ ಪಕ್ಕ ಇಟ್ಟು ನೋಡಬಹುದು. ಒಳ್ಳೆಯ ಚಿತ್ರ ಅರ್ಧ ಶತಮಾನ ಆದರೂ ಕೆಲಸ ಮಾಡುತ್ತದೆ.

ಇದೆಲ್ಲ ಕಾಲೇಜಿನ ಕೋಣೆಯೊಳಗಿನ ಮಾತು, ಊರಿನವರಿಗೆ ಏನು ಪ್ರಯೋಜನ ಅಂತ ಕೇಳುವವರೂ ಇದ್ದಾರೆ. ಪೆರ್ಲದ ಕಡೆ ಅಡಿಕೆ ತೋಟದಲ್ಲಿ ಟರ್ಪಾಲು ಹಾಸಿ ಮೀನು ಸಾಕುವ ಒಬ್ಬರು ಫೋನ್ ಮಾಡಿದ್ದರು. "ಮಾಷ್ಟ್ರೇ, ಮೀನು ಮೇಲೆ ಬಂದು ಬಾಯಿ ಬಿಡ್ತಾ ಉಂಟು. ಮದ್ದು ಹಾಕಿದೆ, ಸರಿ ಆಯ್ತು. ಈಗ ಪುನಃ ಶುರು. ಮದ್ದೇ ಸರಿ ಇಲ್ವಾ?" ಹೋಗಿ ಒಂದು ಮೀನಿನ ಕಿವಿರು ನೋಡಿದೆ. ನಾಲ್ಕು ಕಣ್ಣಿನ ಹುಳ, ಮೊಟ್ಟೆ ಇಡುವಂಥದ್ದು. "ಅಣ್ಣಾ, ಮದ್ದು ಸರಿಯೇ ಉಂಟು. ಅದು ಹುಳವನ್ನು ಕೊಲ್ತದೆ, ಮೊಟ್ಟೆಗೆ ಏನೂ ಆಗುವುದಿಲ್ಲ. ಕೆಲವು ದಿವಸದಲ್ಲಿ ಮೊಟ್ಟೆ ಒಡೆದು ಮರಿ ಬಂದಾಗ ಇನ್ನೊಮ್ಮೆ ಹಾಕಬೇಕು," ಅಂದೆ. ಅದೇ ಕೆರೆಯಲ್ಲಿ ಗೈರೋಡ್ಯಾಕ್ಟೈಲಸ್ ಇದ್ದಿದ್ದರೆ ಮಾತು ಬೇರೆ. ಅದಕ್ಕೆ ಕಣ್ಣಿಲ್ಲ, ಅಂಚಿನಲ್ಲಿ 16 ಕೊಕ್ಕೆ, ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹೆರುತ್ತದೆ. ತಾಯಿಯ ಹೊಟ್ಟೆಯೊಳಗಿನ ಮರಿಯಲ್ಲಿ ಕೊಕ್ಕೆಗಳು ಆಗಲೇ ಕಾಣುತ್ತವೆ, ಆ ಮರಿಯ ಹೊಟ್ಟೆಯೊಳಗೆ ಮುಂದಿನ ಮರಿ ಬೆಳೆಯಲು ಶುರುವಾಗಿರುತ್ತದೆ. ಇಲ್ಲಿ ಉಳಿಯುವ ಮೊಟ್ಟೆ ಇಲ್ಲ, ಸರಿಯಾಗಿ ಒಮ್ಮೆ ಮದ್ದು ಕೊಟ್ಟರೆ ಸಾಕಾಗಬಹುದು. ಕುಲ ಯಾವುದು ಅಂತ ಗೊತ್ತಾದರೆ ಆ ಅಣ್ಣನ ದುಡ್ಡು ಉಳಿಯುತ್ತದೆ, ಮೀನೂ ಉಳಿಯುತ್ತದೆ. ಅವರು ಇನ್ನೊಂದು ಪ್ರಶ್ನೆಯನ್ನೂ ಕೇಳಿದರು, ನೀವೂ ಕೇಳುತ್ತೀರಿ: ತಿಂದರೆ ನಮಗೆ ಬರ್ತದಾ? ಕಿವಿರಿನ ಈ ಹುಳಗಳು ಮನುಷ್ಯರಿಗೆ ಬರುವುದಿಲ್ಲ. ಡೈಜೀನಿಯಗಳಲ್ಲಿ ಕೆಲವು ಬರುತ್ತವೆ, ಆದರೆ ಹಸಿ ಅಥವಾ ಅರೆಬೆಂದ ಮೀನು ತಿನ್ನುವ ಕಡೆ. ಚೆನ್ನಾಗಿ ಬೇಯಿಸಿದ ಸಾರಿಗೆ ಹೆದರಬೇಕಾಗಿಲ್ಲ.

ಈಗ ನನಗೆ ಅತ್ಯಂತ ಪ್ರಿಯವಾದ ಕಥೆಗೆ ಬರುತ್ತೇನೆ. 1832ರಲ್ಲಿ ಫಾನ್ ನಾರ್ಡ್‌ಮನ್ ಯುರೋಪಿನ ಬ್ರೀಮ್ ಎಂಬ ಮೀನಿನ ಕಿವಿರಿನಲ್ಲಿ ಒಂದು ವಿಚಿತ್ರ ಹುಳ ಕಂಡರು. ಎರಡು ಮೈ ನಡುವಿನಲ್ಲಿ ಅಡ್ಡಡ್ಡವಾಗಿ ಅಂಟಿಕೊಂಡಿವೆ. ಎರಡು ತಲೆ, ಎರಡು ಬಾಲ. ಡಿಪ್ಲೋಜೂನ್ ಪ್ಯಾರಡಾಕ್ಸಮ್ ಅಂತ ಹೆಸರಿಟ್ಟರು. 1845ರಲ್ಲಿ ಫ್ರಾನ್ಸಿನ ದ್ಯುಜಾರ್ದ್ಯಾಂ ಕಿವಿರಿನಿಂದ ಒಂದು ಪುಟ್ಟ ಒಂಟಿ ಹುಳವನ್ನು ವಿವರಿಸಿ ಅದಕ್ಕೆ ಡಿಪೋರ್ಪ ಎಂಬ ಬೇರೆಯೇ ಕುಲ ಮಾಡಿದರು. ನೋಡಲು ಎರಡಕ್ಕೂ ಏನೂ ಸಂಬಂಧ ಇಲ್ಲ. 1851ರಲ್ಲಿ ಫಾನ್ ಸೀಬೋಲ್ಡ್ ತೋರಿಸಿದರು, ಡಿಪೋರ್ಪ ಬೇರೆ ಪ್ರಾಣಿಯೇ ಅಲ್ಲ, ಡಿಪ್ಲೋಜೂನಿನ ಮರಿ. ಮರಿಗೆ ಹೊಟ್ಟೆಯ ಕಡೆ ಒಂದು ಹೀರುಬಟ್ಟಲು, ಬೆನ್ನಿನ ಕಡೆ ಒಂದು ಗುಬುಟು. ಕಿವಿರಿನಲ್ಲಿ ಎರಡು ಮರಿಗಳು ಭೇಟಿಯಾದರೆ ಒಂದರ ಗುಬುಟನ್ನು ಇನ್ನೊಂದು ತನ್ನ ಬಟ್ಟಲಿನಿಂದ ಹಿಡಿದುಕೊಳ್ಳುತ್ತದೆ, ಅದೂ ಹಾಗೇ ತಿರುಗಿ ಹಿಡಿದುಕೊಳ್ಳುತ್ತದೆ. ಮತ್ತೆ ಬಿಡುವುದಿಲ್ಲ. ಮೈಗಳು ಬೆಸೆದುಕೊಂಡು ಆಮೇಲಷ್ಟೇ ಪೂರ್ತಿ ಬೆಳೆಯುತ್ತವೆ. ಜೊತೆ ಸಿಗದ ಮರಿ ಬೆಳೆಯದೆ ಸಾಯುತ್ತದೆ. ದ್ಯುಜಾರ್ದ್ಯಾಂ ಸಣ್ಣ ಮನುಷ್ಯರಲ್ಲ, ಬಹಳ ಒಳ್ಳೆಯ ವೀಕ್ಷಕರು. ಆದರೂ ಜೀವನಚಕ್ರ ಗೊತ್ತಿಲ್ಲದೆ ಬರೀ ಆಕಾರ ನೋಡಿ ಹೆಸರಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಡೈಜೀನಿಯದಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಒಂದೇ ಹುಳ ಬಸವನಹುಳುವಿನಲ್ಲಿ ಒಂದು ರೂಪ, ನೀರಿನಲ್ಲಿ ಈಜುವಾಗ ಇನ್ನೊಂದು, ಮೀನಿನ ಮಾಂಸದಲ್ಲಿ ಗೂಡು ಕಟ್ಟಿದಾಗ ಮತ್ತೊಂದು, ಹಕ್ಕಿಯ ಗಂಟಲಿನಲ್ಲಿ ಬೇರೆಯೇ. ಭಾರತದ್ದೇ ಒಂದು ಕಥೆ ಉಂಟು. 1924ರಲ್ಲಿ ಸೋಪಾರ್ಕರ್ ಬಸವನಹುಳುವಿನಿಂದ ಹೊರಬರುವ ಒಂದು ಈಜುಮರಿಯನ್ನು ವಿವರಿಸಿದರು. ದೊಡ್ಡ ಹುಳ ಸಿಕ್ಕಿರಲಿಲ್ಲ, ಹಾಗಾಗಿ ಸರ್ಕೇರಿಯ ಪಟಿಯಾಲೆನ್ಸಿಸ್ ಎಂದಷ್ಟೇ ಕರೆದರು. ಸರ್ಕೇರಿಯ ಅಂದರೆ ಇಂಥ ಈಜುಮರಿ. ಪಟಿಯಾಲದ ಹೆಸರು. ಆಮೇಲೆ ಗೊತ್ತಾಯಿತು, ಅದು ಟ್ರಾನ್ಸ್‌ವರ್ಸೋಟ್ರೆಮ. ಈ ಕುಲದ ಹುಳ ಕರುಳಿಗೆ ಹೋಗುವುದೇ ಇಲ್ಲ. ಮೀನಿನ ಹುರುಪೆಯ ಅಡಿಯಲ್ಲಿ ಬದುಕುತ್ತದೆ, ಉದ್ದಕ್ಕಿಂತ ಅಗಲ ಜಾಸ್ತಿ. ಸೋಪಾರ್ಕರ್ ಮಾಡಿದ್ದು ನನಗೆ ಸರಿ ಕಾಣುತ್ತದೆ: ಕೈಯಲ್ಲಿ ಮರಿ ಮಾತ್ರ ಇದ್ದಾಗ ಮರಿ ಎಂದೇ ಹೇಳಿದರು. ಹುರುಪೆ ಎತ್ತಿ ನೋಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನರಿಗೆ ಉಂಟು? ಹೊಟ್ಟೆ ಸೀಳಿ ಕರುಳು ತೆಗೆದು ಮೀನನ್ನು ಬಿಸಾಡುವವರೇ ಹೆಚ್ಚು.

ಗದ್ದೆ ಬದಿಯ ಮೀನಿನ ಮಾಂಸದಲ್ಲಿ ಹಳದಿ ಉಂಡೆ ಕಂಡರೆ ಅದು ಸಾಮಾನ್ಯವಾಗಿ ಕ್ಲೈನೋಸ್ಟೋಮಮ್. ಬೆಳೆದ ಹುಳ ಇರುವುದು ಬಕಪಕ್ಷಿಗಳ ಬಾಯಿ ಮತ್ತು ಗಂಟಲಿನಲ್ಲಿ. ಮೀನಿನಲ್ಲಿ ಸಿಗುವುದು ಮರಿ, ಅದರ ಜನನಾಂಗಗಳು ಪೂರ್ತಿ ಬೆಳೆದಿರುವುದಿಲ್ಲ. ಪ್ರಭೇದ ಹೇಳಬೇಕಾದರೆ ಆ ಜನನಾಂಗಗಳೇ ಬೇಕು. ಕುಲದ ಹೆಸರಿನಲ್ಲಿ ನಿಲ್ಲಿಸಿದರೆ ಯಾರಿಗೂ ನಷ್ಟ ಇಲ್ಲ. ಆದರೆ ಕುಲದ ಹೆಸರಿನಲ್ಲೇ ನಿಲ್ಲಿಸಿದ ವರದಿಗೆ ಬೆಲೆ ಇಲ್ಲ ಎಂಬ ಭಾವನೆ ನಮ್ಮಲ್ಲಿದೆ, ಅದೇ ನನಗೆ ಬೇಸರ.

ಮತ್ತೆ 59ಕ್ಕೆ ಬರೋಣ. ಅಷ್ಟೊಂದು ಹೆಸರು ಎಲ್ಲಿಂದ ಬಂತು? ಚಪ್ಪಟೆ ಹುಳ ಮೆತ್ತಗಿನ ಪ್ರಾಣಿ, ಒಳಗೆ ಮೂಳೆ ಇಲ್ಲ, ಹೊರಗೆ ಚಿಪ್ಪಿಲ್ಲ. ಜೀವಂತ ಲಾಡಿಹುಳುವನ್ನು ತಣ್ಣಗಿನ ಫಾರ್ಮಲಿನ್‌ಗೆ ಹಾಕಿದರೆ ಅದು ಮುದುಡಿ ಸುರುಟುತ್ತದೆ, ತಲೆಯ ಆಕಾರವೇ ಹೋಗುತ್ತದೆ. ಎರಡು ಸ್ಲೈಡುಗಳ ನಡುವೆ ಇಟ್ಟು ದಾರ ಕಟ್ಟಿ ಒತ್ತಿದರೆ ಹಪ್ಪಳ ಒತ್ತಿದ ಹಾಗೆ ಅಗಲವಾಗುತ್ತದೆ. ಮೀನಿನೊಳಗೆ ಮೊದಲೇ ಸತ್ತ ಹುಳವಾದರೆ ಜೋತುಬಿದ್ದು ಉದ್ದವಾಗುತ್ತದೆ. ಹೀಗೆ ಒಂದೇ ಪ್ರಭೇದದ ಮೂರು ಹುಳಗಳಿಗೆ ಮೂರು ಬಗೆಯ ಉದ್ದ, ಅಗಲ, ಮೂರು ಬಗೆಯ ಕುತ್ತಿಗೆ. ಈ ಅಳತೆಗಳನ್ನು ಕೋಷ್ಟಕದಲ್ಲಿ ಹಾಕಿ, ಹಳೆಯ ಪ್ರಭೇದಕ್ಕಿಂತ ಕುತ್ತಿಗೆ ಉದ್ದ, ವೃಷಣಗಳ ಸಂಖ್ಯೆ ಸ್ವಲ್ಪ ಕಮ್ಮಿ, ಅಂಡಾಶಯದ ಆಕಾರ ಬೇರೆ, ಆದ್ದರಿಂದ ಇದು ಹೊಸತು ಅಂತ ಬರೆದರೆ ಒಂದು ಪ್ರಕಟಣೆ ಆಯಿತು. ಹೆಚ್ಚಾಗಿ ಒಂದೆರಡು ಹುಳ ನೋಡಿಯೇ ಬರೆಯುವುದು. ಒಂದೇ ಮೀನಿನೊಳಗಿನ ಹತ್ತಿಪ್ಪತ್ತು ಹುಳಗಳನ್ನು ಸಾಲಾಗಿ ಇಟ್ಟು ನೋಡಿದವರಿಗೆ ಮಾತ್ರ ಆ ವ್ಯತ್ಯಾಸ ಎಷ್ಟು ದೂರದವರೆಗೆ ಹೋಗಬಹುದು ಅಂತ ಗೊತ್ತಾಗುವುದು.

ಪರಿಹಾರ ಕಷ್ಟದ್ದೇನೂ ಅಲ್ಲ. ಹುಳವನ್ನು ಉಪ್ಪುನೀರಿನಲ್ಲಿ, ಅಂದರೆ ಸಲೈನಿನಲ್ಲಿ, ಚೆನ್ನಾಗಿ ತೊಳೆಯಬೇಕು. ತಟ್ಟೆಯಲ್ಲಿ ಇರುವ ನೀರನ್ನು ಹುಳದ ಮೈ ಅಷ್ಟೇ ಮುಳುಗುವಂತೆ ಕಮ್ಮಿ ಮಾಡಬೇಕು. ಕುದಿಯುವಷ್ಟು ಬಿಸಿಯಾದ 4 ಶೇಕಡ ಫಾರ್ಮಲಿನ್ ಅನ್ನು ಒಮ್ಮೆಲೇ ಸುರಿಯಬೇಕು, ಗಾಳಿ ಆಡುವ ಕಡೆ ನಿಂತು. ಹುಳ ಚಾಚಿದ ಭಂಗಿಯಲ್ಲೇ ನಿಲ್ಲುತ್ತದೆ. ಒತ್ತುವುದು ಬೇಡ. ಆಮೇಲೆ ಕಾರ್ಮೈನ್ ಬಣ್ಣ, ಒಂದರ ಮೇಲೊಂದು ಆಲ್ಕೋಹಾಲ್, ಲವಂಗದ ಎಣ್ಣೆ, ಕೆನಡ ಬಾಲ್ಸಮ್. ಲವಂಗದ ಎಣ್ಣೆಯಲ್ಲಿ ಹುಳ ತಿಳಿಯಾಗುತ್ತಾ ಹೋದ ಹಾಗೆ ಒಳಗಿನ ಕೆಂಪು ಅಂಗಗಳು ಒಂದೊಂದಾಗಿ ಎದ್ದು ಬರುವುದನ್ನು ವಿದ್ಯಾರ್ಥಿಗಳು ಮೊದಲ ಸಲ ನೋಡುವಾಗ ಪ್ರಯೋಗಾಲಯದಲ್ಲಿ ಮಾತೇ ನಿಲ್ಲುತ್ತದೆ. ಅಂಡಾಶಯ ಎಚ್ ಅಕ್ಷರದ ಹಾಗೆ ಎಂದು ಪುಸ್ತಕದಲ್ಲಿ ಓದಿದ್ದು ಅಲ್ಲಿ ಎದುರಿಗೇ ಇರುತ್ತದೆ. ಅದೇ ಮೀನಿನ ಇನ್ನೂ ಕೆಲವು ಹುಳಗಳನ್ನು ಫಾರ್ಮಲಿನ್ ತಾಗಿಸದೆ ನೇರವಾಗಿ ಒಳ್ಳೆಯ ಎಥನಾಲಿಗೆ ಹಾಕಿ ಇಡಬೇಕು, ಡಿಎನ್‌ಎಗೆ. ಇನ್ನೂ ಒಳ್ಳೆಯದು ಅಂದರೆ ಒಂದೇ ಹುಳದ ಒಂದು ತುಂಡು ಎಥನಾಲಿಗೆ, ಉಳಿದದ್ದು ಸ್ಲೈಡಿಗೆ. ಆಗ ಆ ಡಿಎನ್‌ಎ ಯಾವ ಆಕಾರದ್ದು ಎಂಬ ಸಂಶಯವೇ ಉಳಿಯುವುದಿಲ್ಲ.

ಎರಡನೆಯ ಕಾರಣ ನನ್ನನ್ನು ಇನ್ನೂ ಜಾಸ್ತಿ ಕಾಡುತ್ತದೆ. ಹೆಸರಿಟ್ಟ ಮೂಲ ಹುಳ ಎಲ್ಲಿದೆ? ಒಂದು ಪ್ರಭೇದದ ಹೆಸರು ನಿಲ್ಲುವುದು ಹೋಲೋಟೈಪ್ ಎಂಬ ಒಂದು ಮಾದರಿಯ ಮೇಲೆ. ಸಂಶಯ ಬಂದವರು ಹೋಗಿ ಅದನ್ನೇ ನೋಡಬೇಕು. ನಮ್ಮ ದೇಶದ ಮೀನುಹುಳಗಳ ಹಳೆಯ ವಿವರಣೆಗಳಲ್ಲಿ ಅನೇಕ ಕಡೆ "ಲೇಖಕರ ಸಂಗ್ರಹದಲ್ಲಿದೆ" ಅಂತ ಮಾತ್ರ ಇರುತ್ತದೆ. ಲೇಖಕರು ನಿವೃತ್ತರಾದರು, ಕೋಣೆ ಬೇರೆಯವರಿಗೆ ಹೋಯಿತು, ಸ್ಲೈಡಿನ ಪೆಟ್ಟಿಗೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಅಂಥ ಹೆಸರನ್ನು ಒಪ್ಪಲೂ ಆಗುವುದಿಲ್ಲ, ಸುಲಭವಾಗಿ ತೆಗೆದುಹಾಕಲೂ ಆಗುವುದಿಲ್ಲ. ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ಸಂಹಿತೆ ಈಗ ಇದಕ್ಕೆ ಬಿಗಿ ಮಾಡಿದೆ. 1999ರ ನಂತರ ಪ್ರಕಟವಾದ ಹೊಸ ಪ್ರಭೇದಕ್ಕೆ ಟೈಪ್ ಯಾವುದು ಅಂತ ಸ್ಪಷ್ಟವಾಗಿ ಹೇಳಲೇಬೇಕು, ಅದನ್ನು ಯಾವ ಸಂಗ್ರಹಾಲಯದಲ್ಲಿ, ಯಾವ ಊರಿನಲ್ಲಿ ಇಡಲಾಗುತ್ತದೆ ಅಂತಲೂ ಹೇಳಬೇಕು. ಇಲ್ಲದಿದ್ದರೆ ಆ ಹೆಸರು ಲೆಕ್ಕಕ್ಕಿಲ್ಲ. ನಮಗೆ ಕೋಲ್ಕತ್ತದಲ್ಲಿ 1916ರಿಂದ ಝೂವಾಲಜಿಕಲ್ ಸರ್ವೆ ಆಫ್ ಇಂಡಿಯಾ ಇದೆ, ಮಾದರಿಗಳನ್ನು ಅಲ್ಲಿ ಕೊಡಬಹುದು. ಬರೀ ಚಿತ್ರ ಸಾಲದು, ಹುಳವೇ ಇರಬೇಕು.

ಇನ್ನು ಮೀನಿನ ಹೆಸರು. ಹುಳದ ವರ್ಗೀಕರಣದಲ್ಲಿ ಮೀನಿನ ಹೆಸರೇ ಅರ್ಧ ವಿಳಾಸ, ಆದರೆ ಆ ವಿಳಾಸವೇ ಬದಲಾಗುತ್ತಾ ಇದೆ. ಹಳೆಯ ಪಟ್ಟಿಗಳಲ್ಲಿ ಪುಂಟಿಯಸ್ ಫಿಲಮೆಂಟೋಸಸ್ ಅಂತ ಇರುವ ಮೀನು 2012ರಿಂದ ಡಾಕಿನ್ಸಿಯ ಫಿಲಮೆಂಟೋಸ, ಯಾಕೆಂದರೆ ಆ ವರ್ಷ ಪುಂಟಿಯಸ್ ಕುಲವನ್ನೇ ಒಡೆದು ಹಲವು ಮಾಡಿದರು. ಮುಗುಡಿನ ವಿಷಯ ಇನ್ನೂ ಸೂಕ್ಷ್ಮ. ಭಾರತದಲ್ಲಿ ನಾವು ಕ್ಲೇರಿಯಸ್ ಬ್ಯಾಟ್ರಾಕಸ್ ಎಂದು ಬರೆಯುತ್ತಿದ್ದದ್ದು ನಿಜವಾಗಿ ಕ್ಲೇರಿಯಸ್ ಮಾಗುರ್ ಎಂದು ಈಗ ತಿಳಿದವರು ಹೇಳುತ್ತಾರೆ, ಬ್ಯಾಟ್ರಾಕಸ್ ಜಾವಾದ ಮೀನು. ಪಶ್ಚಿಮ ಘಟ್ಟದ ಈ ಬದಿಯ ಹೊಳೆಗಳಲ್ಲಿ ಇರುವ ನಮ್ಮ ಮುಗುಡು ಕ್ಲೇರಿಯಸ್ ಡಸ್ಸುಮಿಯೆರಿ, ಅದು ಇನ್ನೂ ಬೇರೆ. ಅದರ ಜೊತೆಗೆ ಸಾಕಣೆಯಿಂದ ತಪ್ಪಿಸಿಕೊಂಡ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಹೊಳೆಗೆ ಸೇರಿಕೊಂಡಿದೆ. 2011ರ ಆ ದೊಡ್ಡ ಪರಿಷ್ಕರಣೆಗೆ ಹೊಸದಾಗಿ ಹುಳ ತಂದದ್ದು ಪಶ್ಚಿಮ ಬಂಗಾಳ, ಇಂಡೋನೇಷ್ಯಾ, ಥಾಯ್ಲೆಂಡ್‌ನಿಂದ. ಅಂದರೆ ಡಸ್ಸುಮಿಯೆರಿಯ ಹೊಟ್ಟೆಯಲ್ಲಿರುವುದು ಆ 8ರಲ್ಲಿ ಒಂದೋ, ಬೇರೆಯೋ ಎಂಬ ಪ್ರಶ್ನೆ ಇಲ್ಲಿನವರು ಕೇಳಬೇಕಾದದ್ದು. ನನ್ನ ವಿದ್ಯಾರ್ಥಿಗಳಿಗೆ ನಾನು ಕೊಡುವ ಉತ್ತರದ ತಿರುಳು ಇದೇ: ಹೊಸ ಹೆಸರು ಹುಡುಕುವುದಕ್ಕಿಂತ ಮೊದಲು ಆ 8 ಹುಳಗಳನ್ನು ಕಣ್ಣಿಗೆ ಕಟ್ಟುವ ಹಾಗೆ ತಿಳಿದುಕೊಳ್ಳಿ.

ಕರಿಮೀನನ್ನೂ ಮರೆಯಬಾರದು. ಮೊನೊಜೀನಿಯ ಅಂದರೆ ಕಿವಿರು, ಚರ್ಮ ಅಂತ ಹೇಳಿದೆ ಅಲ್ವಾ, ಕರಿಮೀನಿನ ಬಳಗ, ಅಂದರೆ ಸಿಕ್ಲಿಡ್‌ಗಳಲ್ಲಿ ಎಂಟೆರೋಗೈರಸ್ ಎಂಬ ಕುಲ ಜಠರದೊಳಗೇ ಬದುಕುತ್ತದೆ. ಆಫ್ರಿಕದ ಟಿಲಾಪಿಯದಲ್ಲೂ ಇದೆ, ಕರಿಮೀನಿನಲ್ಲೂ ವರದಿಯಾಗಿದೆ. ಕರಿಮೀನಿನ ಹತ್ತಿರದ ನೆಂಟರು ಇರುವುದು ಮಡಗಾಸ್ಕರ್‌ನಲ್ಲಿ. ಮೀನು ಮತ್ತು ಹುಳ ಒಟ್ಟಿಗೇ ಹಳೆಯ ಕಾಲದಿಂದ ಬಂದವಾ, ಇಲ್ಲ ಆಮೇಲೆ ಟಿಲಾಪಿಯ ತಂದಾಗ ಬಂದವಾ ಎಂಬುದು ಒಂದೊಂದು ಪ್ರಭೇದವನ್ನೂ ಸರಿಯಾಗಿ ಗುರುತಿಸಿದರೆ ಮಾತ್ರ ಹೇಳಬಹುದಾದ ಮಾತು. ಟಿಲಾಪಿಯದ ಕಿವಿರಿನ ಸಿಕ್ಲಿಡೋಗೈರಸ್ ಮೀನಿನ ಜೊತೆ ಎಷ್ಟೋ ದೇಶಗಳಿಗೆ ಹೋಗಿದೆ. ನಮ್ಮ ಹಿನ್ನೀರಿನಲ್ಲಿ ಕರಿಮೀನು, ಟಿಲಾಪಿಯ ಎರಡೂ ಒಂದೇ ಬಲೆಗೆ ಬೀಳುತ್ತವೆ, ಹಾಗಾಗಿ ಒಂದರ ಹುಳ ಇನ್ನೊಂದಕ್ಕೆ ದಾಟಿದೆಯಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಯಾವುದು?

ಡಿಎನ್‌ಎ ಬಂದ ಮೇಲೆ ಇದೆಲ್ಲ ಬೇಕಾ ಅಂತ ಕೆಲವರು ಕೇಳುತ್ತಾರೆ. ಬೇಕು. ನಾರ್ವೆಯಲ್ಲಿ 1970ರ ದಶಕದಿಂದ ಸಾಲ್ಮನ್ ಮೀನುಗಳನ್ನು ಸಾಯಿಸಿದ ಗೈರೋಡ್ಯಾಕ್ಟೈಲಸ್ ಸಲಾರಿಸ್ ಎಂಬ ಹುಳ ಇದೆ, ಅದನ್ನು ತೊಲಗಿಸಲು ಹೊಳೆಗಳಿಗೆ ವಿಷ ಹಾಕಿ ಇದ್ದ ಮೀನುಗಳನ್ನೆಲ್ಲ ಕೊಂದರು. ಅದರ ಪಕ್ಕದಲ್ಲೇ ಗ್ರೇಲಿಂಗ್ ಎಂಬ ಮೀನಿನ ಮೇಲೆ ಥೈಮಲ್ಲಿ ಅಂತ ಇನ್ನೊಂದು, ನೋಡಲು ಹೆಚ್ಚುಕಮ್ಮಿ ಒಂದೇ. ಎರಡೂ ಒಂದೇ ಪ್ರಭೇದವೋ ಬೇರೆಯೋ ಎಂಬುದನ್ನು ಡಿಎನ್‌ಎ ನೋಡಿದ ಮೇಲೂ ಬಹಳ ಕಾಲ ಚರ್ಚಿಸಿದರು. ಡಿಎನ್‌ಎಯ ಅನುಕ್ರಮ ಸಿಕ್ಕಿದ ಕೂಡಲೇ ಉತ್ತರ ಸಿಗುವುದಿಲ್ಲ. ಕೊಕ್ಕೆ, ಮೀನು, ಊರು, ಡಿಎನ್‌ಎ ನಾಲ್ಕೂ ಬೇಕು.

ಜೂನ್ ಬಂದರೆ ಉಬರ್ ಮೀನು ತೋಡು ಹತ್ತುತ್ತದೆ. ನಿಮ್ಮ ಗದ್ದೆಗೂ ಮುಗುಡು ಬರುತ್ತದೆ. ಬದಿಯಡ್ಕ, ಮುಳ್ಳೇರಿಯ, ಪೆರ್ಲ ಸುತ್ತಮುತ್ತ ಯಾರಾದರೂ ಹಿಡಿದರೆ ಒಂದು ಕೇಳಿಕೆ. ಫ್ರೀಜರಿಗೆ ಹಾಕಬೇಡಿ, ಫಾರ್ಮಲಿನ್‌ಗೂ ಬೇಡ. ಅದೇ ತೋಡಿನ ನೀರು ತುಂಬಿದ ಬಾಲ್ದಿಯಲ್ಲಿ ಜೀವಂತ ಇಡಿ, ಮುಚ್ಚಳ ಹಾಕಿ, ಮುಗುಡು ಹಾರಿ ಹೋಗುತ್ತದೆ. ಹಿಡಿದ ಜಾಗ ಮತ್ತು ದಿನ ಒಂದು ಚೀಟಿಯಲ್ಲಿ ಬರೆದಿಡಿ. ಮೀನಿನ ಫೋಟೋ ತೆಗೆಯುವಾಗ ತಲೆಯನ್ನು ಮೇಲಿನಿಂದ ಒಂದು, ಬದಿಯಿಂದ ಒಂದು ತೆಗೆಯಿರಿ, ಯಾವ ಕ್ಲೇರಿಯಸ್ ಅಂತ ಹೇಳಲು ತಲೆಯ ಆಕಾರ ಬೇಕು. ಈ ಬರಹದ ಕೆಳಗೆ ತಿಳಿಸಿದರೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ನನಗೆ ಬೇಕಾದ್ದು ಕರುಳು ಮತ್ತು ಕಿವಿರು ಮಾತ್ರ, ಮಾಂಸ ನಿಮ್ಮ ಸಾರಿಗೇ ಇರಲಿ.